ಎತ್ತು ತಿರುಗಿದ ದಾರಿಯಲ್ಲೇ ಡ್ರೋನು

ಹಾದಿಯ ಲೆಕ್ಕ ಯಂತ್ರಕ್ಕೆ ಚೆನ್ನಾಗಿ ಬರುತ್ತದೆ. ಪಕ್ಕದ ಹೊಲದಲ್ಲಿ ಹಿಪ್ಪುನೇರಳೆ ಇದೆ ಎಂಬುದು ಮಾತ್ರ ನಾವು ಹೇಳಿದರಷ್ಟೇ ಅದಕ್ಕೆ ಗೊತ್ತು. ಒಂದು ಎಕರೆ ಮುಸುಕಿನ ಜೋಳದಲ್ಲಿ ಕಲಿತ ಪಾಠ ಇದು.

ಸಾಮಾನ್ಯವಾಗಿ ನಾವು ರೈತರು ಗೆದ್ದದ್ದನ್ನು ಬರೆಯುತ್ತೇವೆ. ಸೋತದ್ದನ್ನು ಬರೆಯುವುದು ಕಡಿಮೆ. ನಾನು ಈ ಸಲ ಸೋತದ್ದನ್ನೇ ಬರೆಯುತ್ತೇನೆ. ಓದಿದವರಲ್ಲಿ ಒಬ್ಬರಾದರೂ ಅದೇ ತಪ್ಪು ಮಾಡದೆ ಉಳಿದರೆ ಬರೆದದ್ದಕ್ಕೆ ಕೂಲಿ ಸಿಕ್ಕಿದ ಹಾಗೆ.

ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನನ್ನದೊಂದು ಎಕರೆ ಖುಷ್ಕಿ ಇದೆ. 100 ಮೀಟರು ಉದ್ದ, 40 ಮೀಟರು ಅಗಲ. ಹಲಗೆ ಇಟ್ಟ ಹಾಗೆ ನೇರಕ್ಕಿದೆ. ಮುಂಗಾರಿಗೆ ಮುಸುಕಿನ ಜೋಳ, ಅದು ಎದ್ದ ಮೇಲೆ ಹುರುಳಿ. ಪಡುವಣ ದಿಕ್ಕಿಗೆ ಸಾಲಾಗಿ ಮೂವರು ಅಣ್ಣತಮ್ಮಂದಿರ ಹೊಲ. ಅವೂ ಇದೇ ಅಳತೆಯವು, ಅವರದೂ ಜೋಳವೇ. ಮೂಡಲ ದಿಕ್ಕಿಗೆ ತೆವರಿ ದಾಟಿದರೆ ಹಿಪ್ಪುನೇರಳೆ ತೋಟ. ಅದರ ಯಜಮಾನರನ್ನು ನಾನು ದೊಡ್ಡಪ್ಪ ಅನ್ನುತ್ತೇನೆ. ರಕ್ತಸಂಬಂಧ ಏನಿಲ್ಲ, ಊರಿನ ಸಂಬಂಧ. ಕೊಳ್ಳೇಗಾಲ ಎಂದರೆ ರೇಷ್ಮೆ ಎಂದು ಹೊರಗಿನವರಿಗೂ ಗೊತ್ತು. ನಮ್ಮಲ್ಲಿ ಹುಳು ಮೇಯಿಸುವ ಮನೆ ಪ್ರತಿ ಊರಲ್ಲೂ ಇದೆ.

2018ರಲ್ಲಿ ಶಿವಮೊಗ್ಗದ ಕಡೆ ಮೊದಲು ಕಂಡ ಸೈನಿಕ ಹುಳು ಆಮೇಲೆ ನಮ್ಮ ಜೋಳಕ್ಕೂ ಬಂತು. ಸುಳಿಯೊಳಗೆ ಕೂತು ತಿನ್ನುವ ಈ ಹುಳಕ್ಕೆ ಔಷಧಿ ಹೊಡೆಯಲೇಬೇಕು, ಇಲ್ಲದಿದ್ದರೆ ತೆನೆ ಇಲ್ಲ. ಬೆನ್ನಿಗೆ ಕ್ಯಾನು ಹೊತ್ತು ಎದೆಮಟ್ಟದ ಜೋಳದೊಳಗೆ ಹೊಡೆಯಲು ಆಳು ಸಿಗುವುದಿಲ್ಲ. ಸಿಕ್ಕಿದರೂ ಆ ವಿಷ ಅವನ ಮುಖಕ್ಕೇ ಬೀಳುತ್ತದೆ. ಆದ್ದರಿಂದ 2024ರ ಆಷಾಢದಲ್ಲಿ ಡ್ರೋನಿಗೆ ಹೇಳಿದೆ.

ಇಬ್ಬರು ಹುಡುಗರು ಬಂದರು. ಆರು ರೆಕ್ಕೆಯ ಯಂತ್ರ, ಹೊಟ್ಟೆಯಲ್ಲಿ 10 ಲೀಟರಿನ ಟ್ಯಾಂಕು. ಒಬ್ಬ ಹುಡುಗ ಹೊಲದ ನಾಲ್ಕು ಮೂಲೆಗೂ ನಡೆದು ಕೈಯಲ್ಲಿದ್ದ ಪೆಟ್ಟಿಗೆಯ ಗುಂಡಿ ಒತ್ತಿದ. ಪರದೆಯ ಮೇಲೆ ನನ್ನ ಹೊಲದ ಚಿತ್ರ ಮೂಡಿತು. ಅದರ ಮೇಲೆ ತಾನೇ ತಾನಾಗಿ ಗೆರೆಗಳು ಬಂದವು. ತೆಂಕಣದಿಂದ ಬಡಗಣಕ್ಕೆ ಹತ್ತು ಗೆರೆ, ಹೋಗುವುದು ಬರುವುದು.

“ಇದ ಯಾರಪ್ಪ ಬರೆದವರು?” ಎಂದೆ.

“ಅದೇ ಲೆಕ್ಕ ಹಾಕೊಳ್ತದ ಅಣ್ಣ. ಬೇಗ ಮುಗಿಯೋ ದಾರಿ ಯಾವ್ದೋ ಅದನ್ನ ಹುಡುಕ್ತದ.”

ಹತ್ತು ನಿಮಿಷದೊಳಗೆ ಒಂದು ಎಕರೆ ಮುಗಿಯಿತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತ ನಿಂತಿದ್ದೆ. ಮೂರು ದಿನ ಕಳೆದ ಮೇಲೆ ದೊಡ್ಡಪ್ಪ ಬೆಳಿಗ್ಗೆ ಆರು ಗಂಟೆಗೆ ಬಾಗಿಲು ತಟ್ಟಿದರು. ಆ ಮಾತು ಆಮೇಲೆ. ಮೊದಲು ಆ ಗೆರೆಯ ಲೆಕ್ಕ ತಿಳಿಯೋಣ. ಯಂತ್ರ ಹೇಗೆ ಯೋಚಿಸುತ್ತದೆ ಎಂಬುದು ತಿಳಿಯದಿದ್ದರೆ ತಪ್ಪು ಎಲ್ಲಾಯಿತು ಎಂಬುದೂ ತಿಳಿಯುವುದಿಲ್ಲ.

ತಿರುವಿನ ಲೆಕ್ಕ

ಈ ವಿದ್ಯೆ ನನಗೆ ಹೇಳಿಕೊಟ್ಟವನು ನನ್ನ ಅಕ್ಕನ ಮಗ. ಯಳಂದೂರಿನ ಕಡೆಯವನು, ಮೈಸೂರಿನಲ್ಲಿ ಇಂಜಿನಿಯರಿಂಗು ಓದಿದ್ದಾನೆ. ಅವನು ಹೇಳಿದ್ದನ್ನು ನನ್ನ ಹೊಲದ ಅಳತೆಗೆ ಇಳಿಸಿ ಬರೆಯುತ್ತಿದ್ದೇನೆ.

ಡ್ರೋನು ಒಂದು ಸಲ ಹೋದರೆ ಸುಮಾರು 4 ಮೀಟರು ಅಗಲಕ್ಕೆ ಔಷಧಿ ಬೀಳುತ್ತದೆ ಅನ್ನಿ. ನನ್ನ ಹೊಲದಲ್ಲಿ ಉದ್ದಕ್ಕೆ ಹೋದರೆ 100 ಮೀಟರಿನ 10 ಸಾಲು. ಅಡ್ಡಕ್ಕೆ ಹೋದರೆ 40 ಮೀಟರಿನ 25 ಸಾಲು. ಎರಡರಲ್ಲೂ ಹಾರುವ ದೂರ ಒಂದೇ, 1000 ಮೀಟರು. ಸೆಕೆಂಡಿಗೆ 4 ಮೀಟರು ವೇಗವಾದರೆ 250 ಸೆಕೆಂಡು. ಹಾಗಿದ್ದರೆ ಉದ್ದಕ್ಕೇ ಏಕೆ ಹೋಗಬೇಕು?

ತಿರುವಿನಿಂದಾಗಿ. ಉದ್ದಕ್ಕೆ ಹೋದರೆ 9 ತಿರುವು, ಅಡ್ಡಕ್ಕೆ ಹೋದರೆ 24. ಪ್ರತಿ ತಿರುವಿನಲ್ಲೂ ಯಂತ್ರ ನಿಧಾನಿಸಬೇಕು, ನಿಲ್ಲಬೇಕು, ಪಕ್ಕಕ್ಕೆ ಸರಿಯಬೇಕು, ಮತ್ತೆ ವೇಗ ಹಿಡಿಯಬೇಕು. ತಿರುವಿಗೆ 5 ಸೆಕೆಂಡು ಎಂದರೂ ಒಂದು ಕಡೆ 45 ಸೆಕೆಂಡು, ಇನ್ನೊಂದು ಕಡೆ 120. ವ್ಯತ್ಯಾಸ 75 ಸೆಕೆಂಡು. ನಮಗೆ ಅದೇನು ಮಹಾ ಅನ್ನಿಸಬಹುದು. ಆದರೆ ಟ್ಯಾಂಕು ತುಂಬಿದ ಡ್ರೋನಿನ ಬ್ಯಾಟರಿ ಹತ್ತು ಹನ್ನೆರಡು ನಿಮಿಷಕ್ಕೆ ಮುಗಿಯುತ್ತದೆ. ಅದರಲ್ಲಿ 75 ಸೆಕೆಂಡು ಎಂದರೆ ಹತ್ತರಲ್ಲಿ ಒಂದು ಪಾಲು.

ಇದನ್ನು ಕೇಳಿ ನಾನು ನಕ್ಕುಬಿಟ್ಟೆ. “ಇದಕ್ಕ ಕಂಪ್ಯೂಟರ್ ಯಾಕಪ್ಪ? ನಮ್ಮಪ್ಪ ಎತ್ತು ಕಟ್ಟಿ ಉಳೋವಾಗ್ಲೂ ಉದ್ದಕ್ಕೇ ಸಾಲು ಹಿಡೀತಿದ್ದ. ಎತ್ತು ತಿರುಗ್ಸೋದೇ ಕಷ್ಟ ಅಂತ ಅವನಿಗೂ ಗೊತ್ತಿತ್ತು.”

“ಅದ್ರ ಹೆಸರೇ ಹಂಗದ ಮಾವ” ಎಂದ ಅವನು.

ನಿಜವಂತೆ. ಹೊಲ ಪೂರ್ತಿ ಮುಚ್ಚುವ ಹಾಗೆ ಹೋಗಿ ಬರುವ ಈ ಹಾದಿಯ ಕ್ರಮಕ್ಕೆ ಇಂಜಿನಿಯರುಗಳು ಇಟ್ಟ ಹೆಸರು ‘ಬುಸ್ಟ್ರೊಫೆಡಾನ್’. ಹಳೆಯ ಗ್ರೀಕ್ ಮಾತು. ಅರ್ಥ ‘ಎತ್ತು ತಿರುಗುವ ಹಾಗೆ’. ಬಹಳ ಹಿಂದೆ ಗ್ರೀಕರು ಒಂದು ಸಾಲನ್ನು ಎಡದಿಂದ ಬಲಕ್ಕೆ, ಮುಂದಿನದನ್ನು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಉಳುವ ಎತ್ತನ್ನು ನೋಡಿ ಆ ಬರವಣಿಗೆಗೆ ಈ ಹೆಸರು ಬಂತು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹೋವಿ ಚೋಸೆಟ್ ಮತ್ತು ಅವರ ಜೊತೆಗಾರರು, ಯಂತ್ರವೊಂದು ಜಾಗವನ್ನು ಬಿಡದೆ ಸುತ್ತುವುದು ಹೇಗೆ ಎಂಬ ಲೆಕ್ಕಕ್ಕೆ ಅದೇ ಹೆಸರಿಟ್ಟರು. ನೆಲ ಗುಡಿಸುವ ಯಂತ್ರಗಳೂ ಔಷಧಿ ಹೊಡೆಯುವ ಡ್ರೋನುಗಳೂ ಈ ಬಗೆಯ ಲೆಕ್ಕವನ್ನು ಬಳಸುತ್ತವೆ. ನೇಗಿಲು ಬಿಟ್ಟವರು ನಾವು, ನೇಗಿಲಿನ ದಾರಿ ಹಿಡಿದದ್ದು ಯಂತ್ರ.

ಲಗ್ನಪತ್ರಿಕೆ ಹಂಚಿದ ಹಾಗೆ

ಹಲಗೆಯಂಥ ಹೊಲಕ್ಕೆ ಈ ಲೆಕ್ಕ ಸುಲಭ. ನಮ್ಮಲ್ಲಿ ಎಲ್ಲ ಹೊಲವೂ ಹಾಗಿರುತ್ತದೆಯೇ? ಹನೂರಿನಿಂದ ಆಚೆ ಬೆಟ್ಟದ ಸೆರಗಿನ ಹೊಲಗಳು ಓರೆಕೋರೆ, ಇಳಿಜಾರು ಬೇರೆ. ನಡುವೆ ಹುಣಸೆಮರ, ಬಂಡೆ. ಯಳಂದೂರಿನ ಕಡೆ ನಮ್ಮ ಅಕ್ಕನವರ ಗದ್ದೆ ಐದೈದು ಗುಂಟೆಯ ಮಡಿಗಳು, ಅಂಚಿನಲ್ಲಿ ತೆಂಗು, ಮೇಲೆ ಕರೆಂಟಿನ ತಂತಿ.

ಅಂಥ ಕಡೆ ಯಂತ್ರ ಮೊದಲು ಜಾಗವನ್ನು ಸಣ್ಣ ಸಣ್ಣ ತುಂಡು ಮಾಡುತ್ತದೆ. ಮರದ ಈಚೆಗೊಂದು, ಆಚೆಗೊಂದು, ಅಕ್ಕಪಕ್ಕಕ್ಕೊಂದು. ಪ್ರತಿ ತುಂಡಿಗೂ ಎತ್ತಿನ ಸಾಲು. ಆಮೇಲೆ ಬರುವುದು ನಿಜವಾದ ತಲೆನೋವು. ಯಾವ ತುಂಡು ಮೊದಲು, ಯಾವುದು ಆಮೇಲೆ?

ಮನೆಯಲ್ಲಿ ಮದುವೆ ಮಾಡಿದವರಿಗೆ ಇದು ಗೊತ್ತು. ಲಗ್ನಪತ್ರಿಕೆ ಹಂಚಲು ಹತ್ತು ಊರಿಗೆ ಹೋಗಬೇಕು. ಹನೂರು, ಕೌದಳ್ಳಿ, ರಾಮಾಪುರ ಒಂದು ಕಡೆ. ಯಳಂದೂರು, ಅಗರ, ಮಾಂಬಳ್ಳಿ ಇನ್ನೊಂದು ಕಡೆ. ಯಾವ ಊರು ಮೊದಲು ಎಂದು ಬರೆದಿಟ್ಟರೆ ಹತ್ತು ಊರಿಗೆ ಒಟ್ಟು 36,28,800 ಬಗೆಯ ಕ್ರಮ ಆಗುತ್ತದೆ. ಹದಿನೈದು ಊರಾದರೆ ಒಂದು ಲಕ್ಷ ಮೂವತ್ತು ಸಾವಿರ ಕೋಟಿಗೂ ಮೇಲೆ. ಒಂದೊಂದನ್ನೂ ನೋಡುತ್ತ ಕೂತರೆ ಮದುವೆ ಮುಗಿದು ಮೊಮ್ಮಕ್ಕಳಾಗಿರುತ್ತವೆ.

ನಾವು ಏನು ಮಾಡುತ್ತೇವೆ? ಒಂದು ಅಂದಾಜು ದಾರಿ ಹಿಡಿಯುತ್ತೇವೆ. “ರಾಮಾಪುರಕ್ಕ ಹೋಗೋವಾಗ್ಲೇ ಕೌದಳ್ಳೀಲಿ ಕೊಟ್ಬುಟ್ರ ಆಗದಾ?” ಎಂದು ಯಾರೋ ಹೇಳುತ್ತಾರೆ. ಹೌದಲ್ಲ ಎಂದು ಬದಲಿಸುತ್ತೇವೆ. ಇನ್ನೊಂದು ಬದಲಾವಣೆಯಿಂದ ಸುತ್ತು ಹೆಚ್ಚಾದರೆ ಬಿಡುತ್ತೇವೆ. ಯಂತ್ರ ಮಾಡುವುದೂ ಅಷ್ಟೇ. ಒಂದು ದಾರಿ ಹಾಕುತ್ತದೆ, ಸ್ವಲ್ಪ ಬದಲಿಸಿ ನೋಡುತ್ತದೆ, ಲಾಭವಾದರೆ ಇಟ್ಟುಕೊಳ್ಳುತ್ತದೆ, ಇಲ್ಲವಾದರೆ ಬಿಡುತ್ತದೆ. ನಾವು ನಾಲ್ಕು ಸಲ ಮಾಡುವುದನ್ನು ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಾವಿರಾರು ಸಲ ಮಾಡುತ್ತದೆ. ಹೀಗೆ ಹೆಜ್ಜೆ ಹೆಜ್ಜೆಯಾಗಿ ಮಾಡುವ ಕ್ರಮಕ್ಕೆ ಆಲ್ಗಾರಿದಮ್ ಎಂದು ಹೆಸರು. ಇರುವ ದಾರಿಗಳಲ್ಲಿ ಒಳ್ಳೆಯದನ್ನು ಹುಡುಕುವುದಕ್ಕೆ ಆಪ್ಟಿಮೈಸೇಶನ್ ಎಂದು ಹೆಸರು.

ಈ ಹುಡುಕಾಟಕ್ಕೆ ಇರುವೆಯನ್ನೂ ಗುರು ಮಾಡಿಕೊಂಡಿದ್ದಾರೆ. ಇರುವೆ ನಡೆದ ದಾರಿಯಲ್ಲಿ ವಾಸನೆ ಬಿಟ್ಟು ಹೋಗುತ್ತದೆ. ಹತ್ತಿರದ ದಾರಿಯಲ್ಲಿ ಹೋದವು ಬೇಗ ತಿರುಗಿ ಬರುವುದರಿಂದ ಅಲ್ಲಿ ವಾಸನೆ ಗಟ್ಟಿಯಾಗುತ್ತದೆ, ಸುತ್ತು ದಾರಿಯ ವಾಸನೆ ಆರಿಹೋಗುತ್ತದೆ. ಕೊನೆಗೆ ಎಲ್ಲವೂ ಹತ್ತಿರದ ದಾರಿಗೇ ಬೀಳುತ್ತವೆ. ಇಟಲಿಯ ಮಾರ್ಕೊ ಡೊರಿಗೊ 1992ರಲ್ಲಿ ಇದನ್ನೇ ಕಂಪ್ಯೂಟರಿನ ಲೆಕ್ಕವಾಗಿ ಮಾಡಿದರು. 1995ರಲ್ಲಿ ಕೆನಡಿ ಮತ್ತು ಎಬರ್‌ಹಾರ್ಟ್ ಎಂಬ ಅಮೆರಿಕದ ಇಬ್ಬರು ಹಕ್ಕಿಗಳ ಹಿಂಡನ್ನು ನೋಡಿ ಇನ್ನೊಂದು ಲೆಕ್ಕ ಮಾಡಿದರು. ಒಂದೊಂದು ಹಕ್ಕಿಯೂ ತಾನು ಕಂಡ ಒಳ್ಳೆಯ ಜಾಗವನ್ನೂ ಹಿಂಡು ಕಂಡ ಒಳ್ಳೆಯ ಜಾಗವನ್ನೂ ನೆನಪಿಟ್ಟುಕೊಂಡು ಹಾರುತ್ತದೆ ಎಂಬುದು ಅದರ ತಿರುಳು. ಹಾರುವ ಯಂತ್ರಗಳ ಹಾದಿ ಹುಡುಕಲು ಈ ಎರಡು ಲೆಕ್ಕಗಳನ್ನೂ ಈಗ ಬಳಸುತ್ತಾರೆ.

ಮೇಣಿ ಹಿಡಿದ ಕೈ

ಹಾದಿ ಹಾಕುವುದು ಒಂದು ಕೆಲಸ. ಹಾಕಿದ ಹಾದಿಯಲ್ಲೇ ಹೋಗುವುದು ಇನ್ನೊಂದು. ಸಾಲು ಎಳೆಯುವಾಗ ಎತ್ತು ಪಕ್ಕಕ್ಕೆ ಎಳೆದರೆ ಮೇಣಿ ಹಿಡಿದ ಕೈ ತಾನಾಗಿ ಒತ್ತಿ ಸರಿಮಾಡುತ್ತದೆ. ಡ್ರೋನಿನಲ್ಲಿ ಆ ಕೈಯೂ ಲೆಕ್ಕವೇ. ತಾನು ಎಲ್ಲಿದ್ದೇನೆ ಎಂಬುದನ್ನು ಆಕಾಶದ ಉಪಗ್ರಹಗಳ ಸಂಕೇತದಿಂದ ಸೆಕೆಂಡಿಗೆ ಹಲವು ಸಲ ತಿಳಿಯುತ್ತದೆ. ಎಷ್ಟು ವಾಲಿದ್ದೇನೆ ಎಂಬುದನ್ನು ಸೆಕೆಂಡಿಗೆ ನೂರಾರು ಸಲ ಅಳೆದು ಯಾವ ರೆಕ್ಕೆ ಜೋರಾಗಿ ತಿರುಗಬೇಕು, ಯಾವುದು ನಿಧಾನ ಎಂದು ತೀರ್ಮಾನಿಸುತ್ತದೆ. ಹೊರಟಾಗ 10 ಲೀಟರು ಹೊತ್ತಿದ್ದ ಯಂತ್ರ ಕೊನೆಯ ಸಾಲಿಗೆ ಬರುವಾಗ ಹಗುರ. ಆ ವ್ಯತ್ಯಾಸಕ್ಕೂ ಅದು ಹೊಂದಿಕೊಳ್ಳುತ್ತದೆ.

ಇಲ್ಲೊಂದು ವಿಷಯ ಗಮನಿಸಿ. ಗಾಳಿ ತಳ್ಳಿದರೆ ಡ್ರೋನು ತನ್ನನ್ನು ತಾನು ಗೆರೆಯ ಮೇಲೆ ಇಟ್ಟುಕೊಳ್ಳುತ್ತದೆ. ಆದರೆ ಬಾಯಿಂದ ಬಿಟ್ಟ ಹನಿ? ಅದು ಗಾಳಿಯ ಪಾಲು. ಪರದೆಯಲ್ಲಿ ಯಂತ್ರ ಗೆರೆ ತಪ್ಪಿಲ್ಲ ಎಂದು ಕಾಣುತ್ತದೆ. ಔಷಧಿ ಎಲ್ಲಿ ಬಿತ್ತು ಎಂಬುದು ಕಾಣುವುದಿಲ್ಲ. ನನ್ನ ಹೊಲದಲ್ಲಿ ಆದದ್ದು ಇದೇ.

ದೊಡ್ಡಪ್ಪ ಬಂದ ಬೆಳಿಗ್ಗೆ

ಹುಡುಗರು ಬೆಳಿಗ್ಗೆ ಆರಕ್ಕೆ ಬರಬೇಕಿತ್ತು. ಬಂದದ್ದು ಹನ್ನೊಂದಕ್ಕೆ. ಆಷಾಢದ ಪಡುವಣ ಗಾಳಿ ನಿಮಗೆ ಗೊತ್ತು. ಬಿಸಿಲು ಏರಿದ ಹಾಗೆ ಅದೂ ಏರುತ್ತದೆ. “ಇವತ್ತು ಬ್ಯಾಡ, ನಾಳ ಬನ್ನಿ” ಎಂದು ನಾನು ಹೇಳಬೇಕಿತ್ತು. ಮತ್ತೆ ಯಾವಾಗ ಸಿಗುತ್ತಾರೋ ಎಂಬ ಆಸೆಗೆ ಬಿದ್ದು ಹೂಂ ಎಂದೆ. ಕೊನೆಯ ಸಾಲು ತೆವರಿಯಿಂದ 2 ಮೀಟರು ಈಚೆ. ತೆವರಿಯ ಆಚೆಗೆ ಹಿಪ್ಪುನೇರಳೆ.

ಕ್ಯಾನಿನಲ್ಲಿ ಎಕರೆಗೆ 200 ಲೀಟರು ನೀರಿಗೆ ಕಲಸುವ ಔಷಧಿಯನ್ನು ಡ್ರೋನಿನಲ್ಲಿ 10 ಲೀಟರಿಗೆ ಕಲಸುತ್ತಾರೆ. ಎಂದರೆ ಒಂದೊಂದು ಹನಿಯೂ 20 ಪಟ್ಟು ಗಟ್ಟಿ. ಹನಿಯೂ ಸಣ್ಣದು, ಬೀಳುವುದು ಆಳೆತ್ತರದಿಂದ. ನಾವು ಹೊಡೆದದ್ದು ಕ್ಲೋರಾಂಟ್ರಾನಿಲಿಪ್ರೋಲ್. ಸೈನಿಕ ಹುಳಕ್ಕೆ ಒಳ್ಳೆಯ ಔಷಧಿಯೇ. ಆದರೆ ಯೋಚಿಸಿ, ರೇಷ್ಮೆ ಹುಳುವೂ ಎಲೆ ತಿನ್ನುವ ಹುಳುವೇ ಅಲ್ಲವೇ? ಜೋಳದ ಹುಳವನ್ನು ಕೊಲ್ಲುವುದು ಅದನ್ನು ಉಳಿಸುತ್ತದೆಯೇ? ಈ ಔಷಧಿ ರೇಷ್ಮೆ ಹುಳಕ್ಕೆ ಬಹಳ ಕೆಟ್ಟದ್ದು. ಸೊಪ್ಪಿನ ಮೇಲೆ ಬಿದ್ದರೆ ವಾರಗಟ್ಟಲೆ ಇಳಿಯುವುದಿಲ್ಲ.

ದೊಡ್ಡಪ್ಪನ ಮನೆಯಲ್ಲಿ 100 ಮೊಟ್ಟೆಯ ಹುಳು ಮೂರನೇ ಜ್ವರ ಎದ್ದಿತ್ತು. ಮಾರನೆ ದಿನ ತೆವರಿ ಪಕ್ಕದ ಸಾಲಿನಿಂದಲೇ ಸೊಪ್ಪು ಕೊಯ್ದು ಹಾಕಿದ್ದಾರೆ. ಸಂಜೆಗೆ ಹುಳು ಮೇಯುವುದು ಬಿಟ್ಟಿದೆ, ರಾತ್ರಿ ಬಾಯಿಂದ ನೀರು ಕಾರಿ ಮುದುಡಿದೆ. ಅವರು ನನ್ನ ಬಾಗಿಲಿಗೆ ಬಂದಾಗ ಕೈಯಲ್ಲಿ ಒಂದು ತಟ್ಟೆ ಇತ್ತು, ತಟ್ಟೆಯಲ್ಲಿ ಸತ್ತ ಹುಳು. ಕೂಗಾಡಲಿಲ್ಲ.

“ಏನ್ಲಾ ಮಗ, ಒಂದ್ ಮಾತ ಹೇಳಕ್ಕಾಗ್ನಿಲ್ವಾ ನಿಂಗ? ಮೊದಲ ದಿನವೇ ಹೇಳಿದ್ರ ಆ ಸಾಲ ಬುಟ್ಟು ಬ್ಯಾರೆ ಕಡಿಂದ ಕೊಯ್ತಿದ್ನಲ್ಲ.”

ಚಂದ್ರಿಕೆಗೆ ಬಿಡುವಷ್ಟು ಉಳಿದದ್ದು ಕಾಲುಭಾಗ. 70 ಕಿಲೋ ಗೂಡು ನೋಡಬೇಕಿದ್ದ ಕೈಗೆ 20 ಕಿಲೋ ಬಂತು. ನಷ್ಟದಲ್ಲಿ ಅರ್ಧವನ್ನು ನಾನು ಎರಡು ಕಂತಿನಲ್ಲಿ ಕೊಟ್ಟೆ. ಇನ್ನರ್ಧ ಕೊಡುವ ಶಕ್ತಿ ಇರಲಿಲ್ಲ. ಅವರು ಕೇಳಲೂ ಇಲ್ಲ. ಮೂರು ತಿಂಗಳು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಜೋಳ ಚೆನ್ನಾಗಿ ಬಂದಿತ್ತು. ತಿನ್ನಲು ರುಚಿ ಇರಲಿಲ್ಲ.

ಹುಡುಗರನ್ನು ಬೈಯೋಣವೇ? ಯಂತ್ರವನ್ನು? ಅದು ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿತ್ತು. ಬೇಗ ಮುಗಿಯುವ ದಾರಿ ಹುಡುಕು ಎಂದು ಹೇಳಿದ್ದರು, ಹುಡುಕಿತು. ಮೂಡಲಿಗೆ ಹಿಪ್ಪುನೇರಳೆ ಇದೆ, ಗಾಳಿ ಆ ಕಡೆಗೇ ಇದೆ ಎಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ, ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ.

ಚಂದ್ರನ ಮೇಲೂ ಹೀಗೇ

ಬೇಸರದಲ್ಲಿದ್ದಾಗ ಅಕ್ಕನ ಮಗ ಇನ್ನೊಂದು ಕತೆ ಹೇಳಿದ. “ಬುಡು ಮಾವ, ದೊಡ್ಡ ದೊಡ್ಡವರ ಲೆಕ್ಕವೇ ಒಂದ್ಸಲ ತಪ್ಪದ.”

2019ರ ಸೆಪ್ಟೆಂಬರ್ 7ರ ನಡುರಾತ್ರಿ ಚಂದ್ರಯಾನ-2ರ ವಿಕ್ರಮ್ ಚಂದ್ರನ ಮೇಲೆ ಇಳಿಯುವಾಗ ಬಿದ್ದು ಒಡೆದದ್ದು ನಮಗೆಲ್ಲ ನೆನಪಿದೆ. ಬೆಂಗಳೂರಿನ ಪೀಣ್ಯದ ಇಸ್ರೋ ಕೇಂದ್ರದಲ್ಲಿ ವಿಜ್ಞಾನಿಗಳು ಕಣ್ಣೀರು ಹಾಕಿದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಅಷ್ಟು ದೂರದ ಯಂತ್ರವನ್ನು ಇಲ್ಲಿಂದ ಕೈ ಹಿಡಿದು ಇಳಿಸಲು ಆಗುವುದಿಲ್ಲ. ಕೊನೆಯ ನಿಮಿಷಗಳಲ್ಲಿ ತನ್ನ ದಾರಿಯನ್ನು ಅದೇ ಲೆಕ್ಕ ಹಾಕಿಕೊಳ್ಳಬೇಕು.

ಏನು ತಪ್ಪಾಯಿತು ಎಂದು 2023ರಲ್ಲಿ ಇಸ್ರೋದ ಆಗಿನ ಅಧ್ಯಕ್ಷ ಎಸ್. ಸೋಮನಾಥ್ ವಿವರಿಸಿದರು. ವೇಗ ತಗ್ಗಿಸುವ ಐದು ಇಂಜಿನುಗಳು ಎಣಿಸಿದ್ದಕ್ಕಿಂತ ಹೆಚ್ಚು ಬಲ ಕೊಟ್ಟವು. ಸಣ್ಣ ಸಣ್ಣ ತಪ್ಪು ಸೇರಿ ದೊಡ್ಡದಾಯಿತು. ಸರಿಮಾಡಿಕೊಳ್ಳಲು ನೌಕೆ ಬೇಗ ತಿರುಗಬೇಕಾಯಿತು, ಅಷ್ಟು ಬೇಗ ತಿರುಗಲು ಅದರ ಲೆಕ್ಕದಲ್ಲಿ ಅವಕಾಶ ಇರಲಿಲ್ಲ. ಇಳಿಯಬೇಕಾದ ಜಾಗವೂ ಕಿರಿದು, 500 ಮೀಟರಿಗೆ 500 ಮೀಟರು. ಆ ಚೌಕಕ್ಕೇ ಹೋಗಿ ಮುಟ್ಟಬೇಕು ಎಂದು ಅದು ವೇಗ ಹೆಚ್ಚಿಸುತ್ತಿತ್ತು, ನೆಲ ಹತ್ತಿರ ಬಂದಿತ್ತು.

ಚಂದ್ರಯಾನ-3ರಲ್ಲಿ ಏನು ಮಾಡಿದರು? ಇಳಿಯುವ ಜಾಗವನ್ನು ಸುಮಾರು 4 ಕಿ.ಮೀ. ಉದ್ದ, 2.5 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಇಂಧನ ಹೆಚ್ಚು ತುಂಬಿದರು, ಕಾಲು ಗಟ್ಟಿ ಮಾಡಿದರು. ಎಲ್ಲ ಸರಿಹೋದರೆ ಹೇಗೆ ಎಂದು ಯೋಚಿಸುವ ಬದಲು ಏನೇನು ಕೆಡಬಹುದು ಎಂದು ಮೊದಲೇ ಎಣಿಸಿ ಅದಕ್ಕೆ ತಕ್ಕ ಲೆಕ್ಕ ಬರೆದರು. 2023ರ ಆಗಸ್ಟ್ 23ರ ಸಂಜೆ ಅದು ಮೆಲ್ಲಗೆ ಇಳಿಯಿತು.

ನನಗೆ ಇದರಲ್ಲಿ ಹಿಡಿಸಿದ್ದು ಒಂದೇ ಮಾತು. ಕೊಂಚವೂ ಸಡಿಲ ಇಲ್ಲದ ಲೆಕ್ಕ ಕಾಗದದ ಮೇಲೆ ಚೆಂದ, ಗಾಳಿ ಬೀಸುವ ಕಡೆ ಅಪಾಯ. ತಪ್ಪಲು ಜಾಗ ಇಟ್ಟುಕೊಂಡೇ ದಾರಿ ಹಾಕಬೇಕು. ನನ್ನ ತೆವರಿಯ ಪಕ್ಕದಲ್ಲಿ ಆ ಜಾಗ 2 ಮೀಟರು ಮಾತ್ರ ಇತ್ತು.

ನಾಲ್ಕು ಹೊಲ ಒಂದು ಮಾಡಿದೆವು

2025ರ ಮುಂಗಾರಿಗೆ ಮತ್ತೆ ಜೋಳ, ಮತ್ತೆ ಹುಳು. ಈ ಸಲ ಮೊದಲು ದೊಡ್ಡಪ್ಪನ ಹತ್ತಿರ ಹೋದೆ. ಹುಳು ಎಷ್ಟನೇ ಜ್ವರದಲ್ಲಿದೆ, ಸೊಪ್ಪು ಎಲ್ಲಿಂದ ಕೊಯ್ಯುತ್ತೀರಿ ಎಂದು ಕೇಳಿದೆ. ತೆವರಿಯಿಂದ 20 ಮೀಟರು ಬಿಟ್ಟು ಹೊಡೆಸುತ್ತೇನೆ ಎಂದೆ. ಇಪ್ಪತ್ತು ಎಂಬುದು ನಾವಿಬ್ಬರೂ ನಿಂತು ನೋಡಿ ಒಪ್ಪಿಕೊಂಡ ಅಂದಾಜು.

ಮನೆಗೆ ಬಂದು ಲೆಕ್ಕ ಹಾಕಿದರೆ ಎದೆ ಧಸಕ್ಕೆಂದಿತು. ನನ್ನ ಹೊಲದ ಅಗಲವೇ 40 ಮೀಟರು. 20 ಬಿಟ್ಟರೆ ಅರ್ಧ ಎಕರೆ ಹೋಯಿತು! ಸಣ್ಣ ಹಿಡುವಳಿಯವರ ಕಷ್ಟ ಇದು. ಹತ್ತು ಎಕರೆಯವನಿಗೆ ಅಂಚು ಬಿಟ್ಟರೆ ಗೊತ್ತೇ ಆಗುವುದಿಲ್ಲ. ನಮಗೆ ಅಂಚೇ ಹೊಲ.

ಆಗ ಪಡುವಣದ ಮೂವರು ಅಣ್ಣತಮ್ಮಂದಿರ ಜೊತೆ ಕೂತೆ. ನಾಲ್ಕೂ ಹೊಲ ಸೇರಿದರೆ 160 ಮೀಟರಿಗೆ 100 ಮೀಟರು, ಹತ್ತಿರ ಹತ್ತಿರ ನಾಲ್ಕು ಎಕರೆ. ಅದರಲ್ಲಿ 20 ಮೀಟರು ಬಿಟ್ಟರೆ ಎಂಟರಲ್ಲಿ ಒಂದು ಪಾಲು. ಬಿಟ್ಟ ಅರ್ಧ ಎಕರೆಗೆ ಕೈಯಿಂದ ಮಾಡುವ ಕೆಲಸವನ್ನು ನಾಲ್ವರೂ ಹಂಚಿಕೊಳ್ಳುವುದು ಎಂದು ಒಪ್ಪಂದವಾಯಿತು. ಒಂದೊಂದು ಹೊಲಕ್ಕೂ ಬೇರೆ ಬೇರೆ ಮೂಲೆ ಗುರುತು ಮಾಡುವ ಕೆಲಸವೂ ಉಳಿಯಿತು.

ಡ್ರೋನು ಬಂತು. ಪರದೆಯಲ್ಲಿ 140 ಮೀಟರಿಗೆ 100 ಮೀಟರಿನ ಚೌಕ. ಯಂತ್ರ ತನ್ನ ಲೆಕ್ಕದಂತೆ ಉದ್ದಕ್ಕೆ, ಎಂದರೆ ಪಡುವಣದಿಂದ ಮೂಡಲಿಗೆ 25 ಸಾಲು ಹಾಕಿತು, 24 ತಿರುವು. ಅದರಲ್ಲಿ ಅರ್ಧ ತಿರುವು ಹಿಪ್ಪುನೇರಳೆಯ ಕಡೆಗೇ ಮುಖ ಮಾಡಿ ಬರುತ್ತಿತ್ತು. ಔಷಧಿ ನಿಲ್ಲುವುದು ಒಂದು ಗಳಿಗೆ ತಡವಾದರೂ ಅದು ಹೋಗುವುದು ಆ ಕಡೆಗೆ. “ಬ್ಯಾಡಪ್ಪ, ತೆಂಕಲಿಂದ ಬಡಗಲಿಗ ಹೊಡಿ” ಎಂದೆ. ಹಾಗೆ ಮಾಡಿದರೆ 35 ಸಾಲು, 34 ತಿರುವು. ಹತ್ತು ತಿರುವು ಹೆಚ್ಚು, 50 ಸೆಕೆಂಡು ನಷ್ಟ. ಆ 50 ಸೆಕೆಂಡನ್ನು ನಾವು ಖುಷಿಯಿಂದ ಕಳೆದುಕೊಂಡೆವು. ಬೆಳಿಗ್ಗೆ ಆರೂವರೆಗೆ ಶುರು. ಒಂದು ಹಿಡಿ ಒಣ ಮಣ್ಣು ತೂರಿ ಗಾಳಿ ನೋಡಿದೆವು, ನೆಟ್ಟಗೆ ಕೆಳಗೆ ಬಿತ್ತು. ಎಂಟರೊಳಗೆ ಕೆಲಸ ಮುಗಿಯಿತು.

ಬಿಟ್ಟ ಅರ್ಧ ಎಕರೆಗೆ 9 ಪಾಲು ಮರಳು, 1 ಪಾಲು ಸುಣ್ಣ ಕಲಸಿ ಒಂದೊಂದು ಸುಳಿಗೂ ಚಿಟಿಕೆ ಚಿಟಿಕೆ ಹಾಕಿದೆವು. ಬಿತ್ತಿದ ಮೂವತ್ತು ದಿನದೊಳಗೆ ಮಾಡಿದರೆ ಇದು ಚೆನ್ನಾಗಿ ನಡೆಯುತ್ತದೆ. ಹೆಂಗಸರು ಮಕ್ಕಳು ಸೇರಿ ಒಂದೂವರೆ ದಿನದ ಕೆಲಸ. ಬೆನ್ನು ನೋಯಿತು. ದೊಡ್ಡಪ್ಪನ ಹುಳು ಹಣ್ಣಾಗಿ ಚಂದ್ರಿಕೆಗೆ ಹತ್ತಿತು.

ಹಾರಿಸುವ ಮುಂಚೆ ಇಷ್ಟು ನೋಡಿ

* ಸುತ್ತಲಿನ ನಾಲ್ಕು ಹೊಲದವರಿಗೂ ಎರಡು ದಿನ ಮೊದಲೇ ಹೇಳಿ. ಹಿಪ್ಪುನೇರಳೆ, ಜೇನುಪೆಟ್ಟಿಗೆ, ಮೀನಿನ ಹೊಂಡ, ಕುಡಿಯುವ ನೀರಿನ ಬಾವಿ ಇದ್ದರೆ ಹುಡುಗರಿಗೆ ಕೈ ತೋರಿಸಿ ಹೇಳಿ. ಪರದೆಯಲ್ಲಿ ಗುರುತು ಹಾಕಿಸಿ.

* ಗೆರೆ ಮೂಡಿದ ಮೇಲೆ ಪರದೆಯನ್ನು ನೀವೂ ನೋಡಿ. ಕೊನೆಯ ಸಾಲು ತೆವರಿಗೆ ಎಷ್ಟು ದೂರ, ತಿರುವು ಯಾವ ಕಡೆ ಬರುತ್ತದೆ ಎಂದು ಕೇಳಿ. ದಿಕ್ಕು ಬದಲಿಸಲು ಆಗುತ್ತದೆ. ಆಗುವುದಿಲ್ಲ ಎಂದರೆ ನಂಬಬೇಡಿ.

* ಬೆಳಿಗ್ಗೆ ಬೇಗ ಅಥವಾ ಸಂಜೆ. ಗಾಳಿ ಇದ್ದರೆ ವಾಪಸು ಕಳಿಸಿ.

* ಮರ, ಕಂಬ, ತಂತಿ ತೋರಿಸಿ. ಇಳಿಜಾರಿದ್ದರೆ ಯಂತ್ರ ನೆಲ ನೋಡಿ ಎತ್ತರ ಬದಲಿಸುತ್ತದೆಯೇ ಎಂದು ಕೇಳಿ.

* 2021ರ ಡ್ರೋನ್ ನಿಯಮದಂತೆ ಇಂಥ ಡ್ರೋನು ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಇರಬೇಕು. ತೋರಿಸಿ ಎಂದು ಕೇಳಲು ಸಂಕೋಚ ಬೇಡ.

* ರೇಷ್ಮೆಯವರು ಅನುಮಾನ ಬಂದ ಸಾಲಿನ ಸೊಪ್ಪನ್ನು ಮೊದಲು ಹತ್ತು ಹುಳಕ್ಕೆ ಹಾಕಿ ಒಂದು ದಿನ ನೋಡಿ. ಹತ್ತು ಹೋದರೆ ಹೋಗಲಿ, ಮನೆ ಉಳಿಯುತ್ತದೆ.

2023ರ ನವೆಂಬರಿನಲ್ಲಿ ಕೇಂದ್ರ ಸರಕಾರ 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನು ಕೊಡುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೆಲೆಯಲ್ಲಿ 80 ಪಾಲು, 8 ಲಕ್ಷ ರೂಪಾಯಿ ಮೀರದ ಹಾಗೆ ಸಹಾಯಧನ. ನಮ್ಮೂರ ಹೆಣ್ಣುಮಕ್ಕಳೇ ಹಾರಿಸುವ ದಿನ ದೂರವಿಲ್ಲ. ಅದು ಒಳ್ಳೆಯದೇ. ಯಾರ ಮನೆಯಲ್ಲಿ ಹುಳು ಎಷ್ಟನೇ ಜ್ವರದಲ್ಲಿದೆ ಎಂದು ಊರಿನ ಹೆಣ್ಣುಮಕ್ಕಳಿಗೆ ಗೊತ್ತಿರುತ್ತದೆ, ದೂರದಿಂದ ಬಂದ ಹುಡುಗರಿಗೆ ಗೊತ್ತಿರುವುದಿಲ್ಲ.

ಡ್ರೋನು ಬೇಡ ಎಂದು ನಾನು ಹೇಳುವುದಿಲ್ಲ. ಮುಂದಿನ ಮುಂಗಾರಿಗೂ ಕರೆಸುತ್ತೇನೆ. ಹತ್ತಿರದ ದಾರಿ ಯಾವುದು ಎಂದು ಅದು ಹುಡುಕಲಿ, ಆ ಲೆಕ್ಕ ನನಗಿಂತ ಅದಕ್ಕೆ ಚೆನ್ನಾಗಿ ಬರುತ್ತದೆ. ಯಾವುದನ್ನು ಉಳಿಸಬೇಕು ಎಂಬುದನ್ನು ಮಾತ್ರ ನಾನೇ ಹೇಳುತ್ತೇನೆ. ಕಳೆದ ತಿಂಗಳು ದೊಡ್ಡಪ್ಪ ಬಂದು ಜಗಲಿಯ ಮೇಲೆ ಕೂತು ಕಾಫಿ ಕುಡಿದರು. ಹೋಗುವಾಗ, “ಮುಂದಿನ ತಿಂಗಳ ಹತ್ತಕ್ಕ ಚಾಕಿ ತತ್ತೀನಿ, ನೆನಪಿರ್ಲಿ” ಎಂದರು. ಗೋಡೆಯ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಸುತ್ತು ಹಾಕಿದ್ದೇನೆ.

ಬೇರೆ ಊರಿನಲ್ಲಿ ಯಾರಾದರೂ ಹೀಗೆ ಹೊಲ ಒಟ್ಟು ಮಾಡಿ ಹೊಡೆಸಿದ್ದರೆ, ಅಂಚು ಎಷ್ಟು ಬಿಟ್ಟಿರಿ, ಏನಾಯಿತು ಎಂದು ದಯವಿಟ್ಟು ಬರೆಯಿರಿ. ನಮ್ಮ 20 ಮೀಟರು ಹೆಚ್ಚೋ ಕಡಿಮೆಯೋ ಎಂದು ತಿಳಿದುಕೊಳ್ಳಬೇಕಿದೆ.